ಗರಿಕೆ ಹೋದ ಅಂಗಳ

1965ರ ಏಪ್ರಿಲ್‌ನಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಆಸ್ಟ್ರೋಡೋಮ್ ಬಾಗಿಲು ತೆರೆಯಿತು. ಇಡೀ ಬೇಸ್‌ಬಾಲ್ ಮೈದಾನಕ್ಕೇ ಒಂದು ಸೂರು ಹೊದಿಸಿ ಒಳಗೆಲ್ಲ ಹವಾನಿಯಂತ್ರಣ ಮಾಡಿದ್ದರು. ಸೂರಿಗೆ ಸಾವಿರಾರು ಪಾರದರ್ಶಕ ಹಾಳೆಗಳನ್ನು ಕೂರಿಸಿದ್ದರಿಂದ ಬಿಸಿಲು ಒಳಗೆ ಇಳಿಯುತ್ತಿತ್ತು, ಆ ಬಿಸಿಲಿನಲ್ಲಿ ನೆಲದ ಮೇಲೆ ನಿಜವಾದ ಹುಲ್ಲು ಬೆಳೆದಿತ್ತು. ಕಾಗದದ ಮೇಲೆ ಎಲ್ಲ ಲೆಕ್ಕವೂ ಸರಿಯಾಗಿತ್ತು. ಹಗಲು ಆಟ ಶುರುವಾದ ಮೇಲೆ ತೊಡಕು ಕಾಣಿಸಿಕೊಂಡಿತು. ಮೇಲಕ್ಕೆ ಹಾರಿದ ಚೆಂಡು ಹಾಳೆಗಳ ಝಳಪಿನಲ್ಲಿ ಕಳೆದುಹೋಗುತ್ತಿತ್ತು, ಹಿಡಿಯಬೇಕಾದ ಆಟಗಾರ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಿದ್ದ. ಹಾಳೆಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಬೆಳಕು ಸಿಗದೆ ಹುಲ್ಲು ಸತ್ತಿತು. ಆ ವರ್ಷದ ಉಳಿದ ಪಂದ್ಯಗಳನ್ನು ಒಣಹುಲ್ಲಿಗೂ ಬರಿಮಣ್ಣಿಗೂ ಹಸಿರು ಬಣ್ಣ ಹೊಡೆದು ಆಡಿ ಮುಗಿಸಿದರು. ಮರುವರ್ಷ ಮಾನ್ಸಾಂಟೊ ಕಂಪನಿಯ ನೈಲಾನ್ ಹಾಸು ಬಂತು. ಕೆಮ್‌ಗ್ರಾಸ್ ಎಂಬ ಅದರ ಹೆಸರು ಆ ಕ್ರೀಡಾಂಗಣದ ದೆಸೆಯಿಂದ ಆಸ್ಟ್ರೋಟರ್ಫ್ ಎಂದಾಯಿತು. ಜಗತ್ತು ಕೃತಕ ಹುಲ್ಲಿನ ಹೆಸರು ಕೇಳಿದ್ದು ಆಗಲೇ.

ಅಲ್ಲಿ ಸತ್ತ ಹುಲ್ಲು ಯಾವುದು ಎಂದು ಹುಡುಕಿದರೆ ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತೇವೆ. ಅದು ಟಿಫ್‌ವೇ 419 ಎಂಬ ತಳಿ. ಅಮೆರಿಕನ್ನರು ಬರ್ಮುಡಾ ಹುಲ್ಲು ಎಂದು ಕರೆಯುವ ಸಸ್ಯವನ್ನು ಅದರ ಆಫ್ರಿಕದ ದಾಯಾದಿಯೊಂದಿಗೆ ಕೂಡಿಸಿ ಪಡೆದದ್ದು. ಬರ್ಮುಡಾ ದ್ವೀಪಕ್ಕೂ ಆ ಹುಲ್ಲಿನ ಹುಟ್ಟಿಗೂ ಸಂಬಂಧವಿಲ್ಲ. ಸಸ್ಯಶಾಸ್ತ್ರಜ್ಞರು ಅದನ್ನು ಸೈನೊಡಾನ್ ಡ್ಯಾಕ್ಟಿಲಾನ್ ಎನ್ನುತ್ತಾರೆ, ನಾವು ಗರಿಕೆ ಎನ್ನುತ್ತೇವೆ. ಚೌತಿಯ ದಿನ ಗಣಪತಿಗೆ 21 ಎಳೆ ಎಣಿಸಿ ಇಡುವುದು, ಬಿದ್ದು ಮೊಣಕಾಲು ತರಚಿಕೊಂಡಾಗ ಹಳ್ಳಿಯ ಹುಡುಗರು ಅಂಗೈಯಲ್ಲಿ ಹೊಸೆದು ರಸ ಹಿಂಡಿಕೊಳ್ಳುವುದು ಇದೇ ಗರಿಕೆಯನ್ನು, ಹೊಲದಲ್ಲಿ ಹಬ್ಬಿದರೆ ರೈತ ತಲೆಯ ಮೇಲೆ ಕೈ ಹೊತ್ತು ಕೂರುವುದೂ ಇದೇ ಗರಿಕೆಯಿಂದ.

ಆ ತಳಿಯನ್ನು ಕೊಟ್ಟವರು ಜಾರ್ಜಿಯಾ ರಾಜ್ಯದ ಟಿಫ್ಟನ್ ಸಂಶೋಧನಾ ಕೇಂದ್ರದ ಗ್ಲೆನ್ ಬರ್ಟನ್. ಅವರನ್ನು ಇಲ್ಲಿ ನೆನೆಯಲು ಇನ್ನೊಂದು ಕಾರಣವಿದೆ. ಅವರು ಅಭಿವೃದ್ಧಿಪಡಿಸಿದ ಟಿಫ್ಟ್ 23ಎ ಎಂಬ ಸಜ್ಜೆಯ ತಾಯಿತಳಿಯಿಂದಲೇ 1965ರಲ್ಲಿ ಭಾರತದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 ಹೊರಬಂತು. ನಮ್ಮ ಒಣಬೇಸಾಯದ ಸೀಮೆಗಳಿಗೆ ಸಜ್ಜೆ ರೊಟ್ಟಿಯನ್ನು ಹೆಚ್ಚಿಸಿದ ಕೈಯೇ ಆಟದ ಮೈದಾನಗಳ ಗರಿಕೆಯನ್ನೂ ಹದ ಮಾಡಿತು.

ಆಸ್ಟ್ರೋಡೋಮ್‌ನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ. ಪ್ಲಾಸ್ಟಿಕ್ ಹುಲ್ಲು ಹುಟ್ಟಿದ್ದು ಹಣದ ಆಟಗಾರರಿಗಾಗಿ ಅಲ್ಲ, ಮಕ್ಕಳಿಗಾಗಿ. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದ ಹಳ್ಳಿ ಹುಡುಗರು ನಗರದ ಹುಡುಗರಿಗಿಂತ ಗಟ್ಟಿಮುಟ್ಟಾಗಿದ್ದಾರೆ ಎಂಬುದು ಅಮೆರಿಕದ ಅಧಿಕಾರಿಗಳ ಗಮನಕ್ಕೆ ಬಂದಿತ್ತು. ನಗರದ ಮಕ್ಕಳಿಗೆ ಓಡಲು ಬಯಲಿಲ್ಲ, ಇದ್ದರೂ ಅದು ಡಾಂಬರು ಅಥವಾ ಸಿಮೆಂಟು. ಶಾಲಾ ಸೌಕರ್ಯಗಳ ಬಗ್ಗೆ ಕೆಲಸ ಮಾಡುತ್ತಿದ್ದ ಫೋರ್ಡ್ ಪ್ರತಿಷ್ಠಾನದ ಅಂಗಸಂಸ್ಥೆಯೊಂದು ಇದಕ್ಕೆ ಪರಿಹಾರ ಹುಡುಕಲು ಹಣ ಹೂಡಿತು. ಹಾಗೆ ತಯಾರಾದ ಹಾಸನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಹಾಸಿದ್ದು 1964ರಲ್ಲಿ, ಪ್ರಾವಿಡೆನ್ಸ್ ನಗರದ ಮೋಸೆಸ್ ಬ್ರೌನ್ ಶಾಲೆಯಲ್ಲಿ. ಹುಲ್ಲಿರುವ ಕಡೆ ಹುಲ್ಲನ್ನು ಕಿತ್ತು ಪ್ಲಾಸ್ಟಿಕ್ ಹಾಕಬೇಕೆಂದು ಆಗ ಯಾರೂ ಹೇಳಲಿಲ್ಲ. ಏನೂ ಇಲ್ಲದ ಕಡೆ ಏನಾದರೂ ಇರಲಿ ಎಂಬುದಷ್ಟೇ ಆಸೆಯಾಗಿತ್ತು. ಅರವತ್ತು ವರ್ಷಗಳ ವಾದ-ವಿವಾದವನ್ನು ತೂಗುವಾಗ ಈ ಮೂಲ ಉದ್ದೇಶ ನನ್ನ ಕಣ್ಣಮುಂದೆ ಇರುತ್ತದೆ.

ಈಗ ಗರಿಕೆಯನ್ನೇ ಹತ್ತಿರದಿಂದ ನೋಡೋಣ.

ಗಿಡಮರಗಳು ಬೆಳೆಯುವುದು ಕುಡಿಯಿಂದ. ಕುಡಿ ಚಿವುಟಿದರೆ ಆ ರೆಂಬೆಯ ಬೆಳವಣಿಗೆ ನಿಲ್ಲುತ್ತದೆ. ಹುಲ್ಲಿನ ಬೆಳೆಯುವ ಭಾಗ ಎಲೆಯ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ. ದನ ಮೇಯ್ದರೂ ಕತ್ತರಿ ಆಡಿಸಿದರೂ ಹೋಗುವುದು ಬೆಳೆದು ಮುಗಿದ ತುದಿ ಮಾತ್ರ. ಲಕ್ಷಾಂತರ ವರ್ಷ ಜಿಂಕೆ, ಎಮ್ಮೆಗಳ ಹಲ್ಲಿಗೂ ಗೊರಸಿಗೂ ಸಿಕ್ಕಿ ಬದುಕಿದ ಕುಲ ಇದು, ಫುಟ್‌ಬಾಲ್ ಶೂಗೆ ಸುಲಭವಾಗಿ ಸೋಲುವುದಿಲ್ಲ. ಗರಿಕೆಯಂತೂ ನೆಲದ ಮೇಲೊಂದು, ನೆಲದ ಒಳಗೊಂದು, ಎರಡು ಬಗೆಯ ಬಳ್ಳಿಕಾಂಡಗಳನ್ನು ಓಡಿಸುತ್ತದೆ. ಒಂದು ಕಡೆ ಹೆಂಟೆ ಕಿತ್ತುಹೋದರೆ ಅಕ್ಕಪಕ್ಕದ ಗೆಣ್ಣುಗಳಿಂದ ಬಳ್ಳಿ ಬಂದು ಆ ಗಾಯವನ್ನು ಹೊಲಿಯುತ್ತದೆ. ರಾಗಿ, ಜೋಳ, ಕಬ್ಬುಗಳಂತೆ ಗರಿಕೆಯೂ ಸಿ4 ಎಂಬ ದ್ಯುತಿಸಂಶ್ಲೇಷಣೆಯ ದಾರಿ ಹಿಡಿದ ಸಸ್ಯ. ಸುಡುಬಿಸಿಲು, ಕಡಿಮೆ ನೀರು ಅದಕ್ಕೆ ಒಗ್ಗುತ್ತದೆ, ನೆರಳು ಒಗ್ಗುವುದಿಲ್ಲ. ಹ್ಯೂಸ್ಟನ್ನಿನಲ್ಲಿ ಅದು ಸತ್ತದ್ದು ತುಳಿತದಿಂದಲ್ಲ, ಕತ್ತಲೆಯಿಂದ.

ಆದರೆ ಹೊಲಿಗೆಗೆ ಬಿಡುವು ಬೇಕು. ಒಂದು ಹುಲ್ಲಿನ ಮೈದಾನ ವಾರಕ್ಕೆ ಸುಮಾರು 20ರಿಂದ 25 ಗಂಟೆಯ ಆಟ ತಡೆದುಕೊಳ್ಳುತ್ತದೆ ಎಂಬುದು ಮೈದಾನ ನೋಡಿಕೊಳ್ಳುವವರ ರೂಢಿಯ ಲೆಕ್ಕ. ಅದನ್ನು ಮೀರಿದರೆ ಗೋಲಿನ ಮುಂದಿನ ಜಾಗ ಮೊದಲು ಬೋಳಾಗುತ್ತದೆ, ನಂತರ ನಡುಮೈದಾನ. ಮಳೆ ಬಿದ್ದ ಮೇಲೆ ಒದ್ದೆ ನೆಲದಲ್ಲಿ ಆಡಿದರೆ ಮಣ್ಣು ಬಿಗಿದು ಬೇರಿಗೆ ಉಸಿರು ಕಟ್ಟುತ್ತದೆ. ಪ್ಲಾಸ್ಟಿಕ್ಕಿಗೆ ಬಿಡುವು ಬೇಡ. ಬೆಳಗಿನ ಐದರಿಂದ ನಡುರಾತ್ರಿವರೆಗೆ, ಮಳೆ ನಿಂತ ಅರ್ಧ ಗಂಟೆಯಲ್ಲೇ, ದೀಪ ಹಾಕಿ ಆಡಬಹುದು. ಕೃತಕ ಹುಲ್ಲು ಮಾರುವವರು ಮಾರುತ್ತಿರುವುದು ಹಸಿರನ್ನಲ್ಲ, ಗಂಟೆಗಳನ್ನು. ಹತ್ತು ತಂಡಕ್ಕೆ ಒಂದೇ ಮೈದಾನವಿರುವ ಊರಿನಲ್ಲಿ, ಆರು ತಿಂಗಳು ಹಿಮ ಬೀಳುವ ನಾರ್ವೆ, ಫಿನ್ಲೆಂಡ್‌ಗಳಲ್ಲಿ ಆ ಗಂಟೆಗಳು ನಿಜವಾಗಿಯೂ ಬೆಲೆಬಾಳುತ್ತವೆ. ಇದನ್ನು ಒಪ್ಪದೆ ಪ್ಲಾಸ್ಟಿಕ್ಕನ್ನು ಬೈದರೆ ಆ ಊರಿನ ಮಕ್ಕಳಿಗೆ ಅನ್ಯಾಯ ಮಾಡಿದಂತೆ.

ಆ ಗಂಟೆಗಳಿಗೆ ತೆರುವ ಬೆಲೆಯಲ್ಲಿ ಎಲ್ಲಕ್ಕಿಂತ ಖಚಿತವಾಗಿ ಅಳೆದಿರುವುದು ಶಾಖವನ್ನು. ನಮ್ಮಂಥ ದೇಶಕ್ಕೆ ಅದೇ ಎಲ್ಲಕ್ಕಿಂತ ಮುಖ್ಯವೂ ಹೌದು.

ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಹೊಸ ಕೃತಕ ಮೈದಾನ ಹಾಸಿದಾಗ ತರಬೇತುದಾರರೊಬ್ಬರ ಪಾದಗಳಲ್ಲಿ ಶೂ ಒಳಗೇ ಬೊಬ್ಬೆ ಎದ್ದವು. 2002ರಲ್ಲಿ ಅಲ್ಲಿನ ಫ್ರ್ಯಾಂಕ್ ವಿಲಿಯಮ್ಸ್ ಮತ್ತು ಗಿಲ್ಬರ್ಟ್ ಪುಲ್ಲಿ ಥರ್ಮಾಮೀಟರ್ ಹಿಡಿದು ಮೈದಾನಕ್ಕೆ ಇಳಿದರು. ಬೆಳಗಿನ ಏಳರಿಂದ ಸಂಜೆಯ ಏಳರವರೆಗೆ ಅಳೆದ ಮೇಲ್ಮೈ ಉಷ್ಣತೆಯ ಸರಾಸರಿ ಹೀಗಿತ್ತು: ಹುಲ್ಲಿನದು ಸುಮಾರು 26 ಡಿಗ್ರಿ ಸೆಲ್ಸಿಯಸ್, ಬರಿಮಣ್ಣಿನದು 37, ಡಾಂಬರಿನದು 43, ಕೃತಕ ಹುಲ್ಲಿನದು 47. ಗಾಳಿಯ ಉಷ್ಣತೆ 37 ಡಿಗ್ರಿಯಿದ್ದ ಒಂದು ದಿನ ಕೃತಕ ಹಾಸಿನ ಮೇಲ್ಮೈ 93 ಡಿಗ್ರಿ ಮುಟ್ಟಿತು, ನೀರು ಕುದಿಯಲು ಇನ್ನು ಏಳೇ ಡಿಗ್ರಿ. ನೀರು ಚಿಮುಕಿಸಿ ನೋಡಿದರು. 79 ಡಿಗ್ರಿಯಿದ್ದದ್ದು ಒಮ್ಮೆಗೇ 29ಕ್ಕೆ ಇಳಿಯಿತು, ಐದು ನಿಮಿಷದಲ್ಲಿ 49ಕ್ಕೆ ಏರಿತು, ಇಪ್ಪತ್ತು ನಿಮಿಷದಲ್ಲಿ 73ಕ್ಕೆ ಬಂದು ನಿಂತಿತು. ಅರ್ಧ ಆಟ ಮುಗಿಯುವ ಮೊದಲೇ ನೀರಿನ ಋಣ ತೀರಿತ್ತು.

ಈ ಪಟ್ಟಿಯಲ್ಲಿ ನನ್ನ ಗಮನ ಸೆಳೆಯುವುದು ಬರಿಮಣ್ಣಿನ ಸಾಲು. ಕರ್ನಾಟಕದ ಬಹುಪಾಲು ಶಾಲೆಗಳಲ್ಲಿ ಹುಲ್ಲೂ ಇಲ್ಲ, ಪ್ಲಾಸ್ಟಿಕ್ಕೂ ಇಲ್ಲ, ಕೆಮ್ಮಣ್ಣಿನ ಅಂಗಳವಿದೆ. ನಾಚಿಕೆಪಟ್ಟುಕೊಂಡು ಅದನ್ನು ಮುಚ್ಚಿ ಹಸಿರು ಹಾಸು ಹಾಕಿಸಲು ದಾನಿಗಳನ್ನು ಹುಡುಕುತ್ತೇವೆ. ಈ ಪಟ್ಟಿಯ ಪ್ರಕಾರ ಬರಿಮಣ್ಣು ಕೂಡ ಕೃತಕ ಹುಲ್ಲಿಗಿಂತ ಸರಾಸರಿ ಹತ್ತು ಡಿಗ್ರಿ ತಂಪು.

ಕಾರಣ ತಿಳಿಯಲು ಅಡುಗೆಮನೆಯ ಹೂಜಿ ಸಾಕು. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಹುಲ್ಲಿನ ಪ್ರತಿ ಎಸಳೂ ಒಂದು ಸಣ್ಣ ಹೂಜಿ. ಬೇರು ಮೇಲೆತ್ತಿದ ನೀರನ್ನು ಎಲೆಯ ರಂಧ್ರಗಳು ಬಿಡುತ್ತಲೇ ಇರುತ್ತವೆ. ಬೇಸಿಗೆಯ ಒಂದು ದಿನ ಮೈದಾನದಿಂದ 5 ಮಿಲಿಮೀಟರ್ ನೀರು ಹೀಗೆ ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಮೈದಾನಕ್ಕೆ ಅದು 35,700 ಲೀಟರ್ ಆಯಿತು. ಅಷ್ಟು ನೀರನ್ನು ಆವಿಯಾಗಿಸಲು ಸುಮಾರು 24 ಸಾವಿರ ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬೇಕು. ಗೃಹಜ್ಯೋತಿ ಯೋಜನೆಯ 200 ಯೂನಿಟ್ಟನ್ನು ತಿಂಗಳು ತಿಂಗಳು ಪೂರ್ತಿ ಬಳಸುವ ಮನೆಗೆ ಹತ್ತು ವರ್ಷಕ್ಕೆ ಸಾಕಾಗುವ ಶಕ್ತಿ ಅದು. ಒಂದೇ ದಿನದಲ್ಲಿ ಅಷ್ಟು ಬಿಸಿಲಿನ ಶಾಖವನ್ನು ಹುಲ್ಲು ಸದ್ದಿಲ್ಲದೆ ಮಕ್ಕಳ ಕಾಲಡಿಯಿಂದ ಎತ್ತಿ ಗಾಳಿಗೆ ಸೇರಿಸುತ್ತದೆ. ಪ್ಲಾಸ್ಟಿಕ್ ಎಸಳಿಗೆ ಬೇರಿಲ್ಲ, ನೀರಿಲ್ಲ. ಎಸಳುಗಳ ನಡುವೆ ತುಂಬಿದ ಕರಿಯ ರಬ್ಬರ್ ಪುಡಿ ಬಿಸಿಲನ್ನು ಹೀರುತ್ತದೆ. ಹೀರಿದ ಶಾಖ ಕೆಳಗಿಳಿಯಲು ಪುಡಿಯ ಸಂದಿನ ಗಾಳಿ ಬಿಡುವುದಿಲ್ಲ, ಆದ್ದರಿಂದ ಅದೆಲ್ಲ ಮೇಲ್ಮೈಯಲ್ಲೇ ಕುಳಿತಿರುತ್ತದೆ. ನೆರಳು ಬಿದ್ದ ಮೇಲೆ ಬೇಗ ತಣಿಯುವುದೂ ಇದರಿಂದಲೇ. ಸಂಜೆ ಆರರ ನಂತರ ಕೃತಕ ಹಾಸಿನ ಮೇಲೆ ಆಡುವವರಿಗೆ ಈ ತೊಂದರೆ ಅಷ್ಟಿಲ್ಲ.

ಆದರೆ ಶಾಲೆಯ ಆಟದ ಪೀರಿಯಡ್ ಸಂಜೆ ಆರಕ್ಕೆ ಇರುವುದಿಲ್ಲ. ಮಕ್ಕಳು ದೊಡ್ಡವರ ಕಿರು ಪ್ರತಿಗಳೂ ಅಲ್ಲ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ಹೆಚ್ಚು, ಬೆವರು ಕಡಿಮೆ. ಎತ್ತರ ಕಡಿಮೆಯಾದ್ದರಿಂದ ಕಾದ ನೆಲಕ್ಕೆ ಇಡೀ ಮೈ ಹತ್ತಿರ. ಎಲ್ಲಕ್ಕಿಂತ ಮಿಗಿಲಾಗಿ, ಆಟದ ಗುಂಗಿನಲ್ಲಿರುವ ಹತ್ತು ವರ್ಷದ ಮಗು ತನಗೆ ತಲೆ ಸುತ್ತುತ್ತಿದೆ ಎಂದು ತಾನಾಗಿ ಬಂದು ಹೇಳುವುದಿಲ್ಲ.

ಶಾಖ ಬಿಟ್ಟರೆ ಕೀಲುಗಳ ಪ್ರಶ್ನೆ. ಓಡುತ್ತಿರುವ ಆಟಗಾರ್ತಿ ತಟ್ಟನೆ ತಿರುಗಿದಾಗ ಶೂ ಅಡಿಯ ಗುಬ್ಬಿಗಳು ನೆಲವನ್ನು ಕಚ್ಚುತ್ತವೆ. ನೆಲ ಹುಲ್ಲಿನದಾದರೆ ಒಂದು ಮಿತಿ ಮೀರಿದ ಮೇಲೆ ಹೆಂಟೆ ಕಿತ್ತು ಬರುತ್ತದೆ, ಪಾದ ಬಿಡುಗಡೆಯಾಗುತ್ತದೆ. ನೋಡುವವರಿಗೆ ಅದು ಹಾಳಾದ ಮೈದಾನ, ಮೊಣಕಾಲಿಗೆ ಅದು ಫ್ಯೂಸ್ ವೈರ್. ಕೃತಕ ಹಾಸು ಕಿತ್ತು ಬರುವುದಿಲ್ಲ. ಪಾದ ಅಲ್ಲೇ ಸಿಕ್ಕಿಕೊಂಡು ದೇಹ ತಿರುಗಿದರೆ ಆ ತಿರುಚು ಪಾದದ ಗಂಟಿಗೆ, ಮೊಣಕಾಲಿನ ಕಟ್ಟಿಗೆ ಹೋಗುತ್ತದೆ. ಇದು ಭೌತಶಾಸ್ತ್ರ ಹೇಳುವ ಮಾತು. ಅಂಕಿಅಂಶ ಇಷ್ಟು ಸರಳವಾಗಿಲ್ಲ. ಸ್ವೀಡನ್ನಿನ ಯಾನ್ ಎಕ್‌ಸ್ಟ್ರಾಂಡ್ ಮತ್ತವರ ಸಂಗಡಿಗರು ಯೂರೋಪಿನ ಫುಟ್‌ಬಾಲ್ ಕ್ಲಬ್‌ಗಳನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಟ್ಟು ಗಾಯಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಪಾದದ ಗಂಟಿನ ಉಳುಕು ಮಾತ್ರ ಕೃತಕ ಹಾಸಿನಲ್ಲಿ ಹೆಚ್ಚಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವೈದ್ಯರು 26 ಪ್ರೌಢಶಾಲೆಗಳ 2017–18ರ ಗಾಯಗಳ ದಾಖಲೆ ನೋಡಿದಾಗ ಕೃತಕ ಹಾಸಿನ ಮೇಲೆ ಗಾಯದ ಸಾಧ್ಯತೆ ಶೇ 58ರಷ್ಟು ಹೆಚ್ಚು ಕಂಡಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಯೂರೋಪಿನ ದೊಡ್ಡ ಕ್ಲಬ್ಬಿನ ಹಾಸು ಹೊಸದು, ದಿನವೂ ಬಾಚಿ ಪುಡಿ ಸಮ ಮಾಡಿದ್ದು, ಆಡುವವರು ಪಳಗಿದವರು. ಶಾಲೆಯ ಹಾಸಿಗೆ ಆ ಉಪಚಾರ ಇರುವುದಿಲ್ಲ. ‘ನಿರ್ವಹಣೆಯೇ ಬೇಡ’ ಎಂದು ಹೇಳಿ ಮಾರಿದ ವಸ್ತುವನ್ನು ಕೊಂಡವರು ನಿರ್ವಹಿಸುವುದೂ ಇಲ್ಲ. ಪುಡಿ ಒಂದು ಕಡೆ ಗುಡ್ಡೆಯಾಗಿ ಇನ್ನೊಂದು ಕಡೆ ತೆಳುವಾಗುತ್ತದೆ, ತೆಳುವಾದ ಕಡೆ ಬಿದ್ದ ತಲೆ ಹೆಚ್ಚುಕಡಿಮೆ ಜಲ್ಲಿಯ ಮೇಲೆ ಬಿದ್ದಂತೆ. ಕಲ್ಲಿನಂತೆ ಬಿಗಿದ ಒಣಮಣ್ಣೂ ಈ ವಿಷಯದಲ್ಲಿ ನಿರಪರಾಧಿಯಲ್ಲ ಎಂಬುದನ್ನೂ ಹೇಳಬೇಕು.

ಉಜ್ಜುಗಾಯದ ಮಾತನ್ನು ಬೇಗ ಮುಗಿಸುತ್ತೇನೆ. ಪ್ಲಾಸ್ಟಿಕ್ ಮೇಲೆ ಜಾರಿ ಬಿದ್ದರೆ ಚರ್ಮ ಸುಲಿಯುತ್ತದೆ. 2003ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದಲ್ಲಿ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಸೋಂಕು ಹರಡಿದಾಗ ಹುಣ್ಣುಗಳೆಲ್ಲ ಇಂಥ ತರಚಿದ ಜಾಗಗಳಲ್ಲೇ ಎದ್ದಿದ್ದವು. ಗಾಯವನ್ನು ತಕ್ಷಣ ಸೋಪು ನೀರಿನಲ್ಲಿ ತೊಳೆಯುವ ಅಭ್ಯಾಸವಿದ್ದರೆ ಈ ಭಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಪೋಷಕರನ್ನು ಹೆಚ್ಚು ಹೆದರಿಸಿರುವುದು ರಬ್ಬರ್ ಪುಡಿ. 1990ರ ದಶಕದ ಕೊನೆಗೆ ಬಂದ ಮೂರನೇ ಪೀಳಿಗೆಯ ಹಾಸಿನಲ್ಲಿ ಎಸಳುಗಳು ಉದ್ದ, ಅವು ನೆಟ್ಟಗೆ ನಿಲ್ಲಲು ಮರಳು ಮತ್ತು ಹಳೆಯ ಟೈರಿನ ಪುಡಿ ತುಂಬುತ್ತಾರೆ. ಒಂದು ಪೂರ್ಣ ಮೈದಾನಕ್ಕೆ 20 ಸಾವಿರಕ್ಕೂ ಹೆಚ್ಚು ಟೈರು ಬೇಕು. ಟೈರಿನಲ್ಲಿ ಸತು, ಸೀಸ, ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು ಇರುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರ್ತಿ ಏಮಿ ಗ್ರಿಫಿನ್ ಅವರು ತಮಗೆ ತಿಳಿದ ಗೋಲ್‌ಕೀಪರ್‌ಗಳಿಗೆ ಕ್ಯಾನ್ಸರ್ ಬಂದದ್ದನ್ನು ಕಂಡು ಕಳವಳಗೊಂಡು ಅಂಥವರ ಹೆಸರು ಬರೆದಿಡತೊಡಗಿದರು. 2014ರಲ್ಲಿ ದೂರದರ್ಶನ ವಾಹಿನಿಯೊಂದು ಅದನ್ನು ತೋರಿಸಿದ ಮೇಲೆ ಪಟ್ಟಿ ಬೆಳೆಯಿತು, ದೇಶವೆಲ್ಲ ಗಾಬರಿಯಾಯಿತು. ವಾಷಿಂಗ್ಟನ್ ರಾಜ್ಯದ ಆರೋಗ್ಯ ಇಲಾಖೆ ಪಟ್ಟಿಯನ್ನು ಪರಿಶೀಲಿಸಿ 2017ರಲ್ಲಿ ವರದಿ ಕೊಟ್ಟಿತು. ಆ ವಯಸ್ಸಿನ ಅಷ್ಟು ಆಟಗಾರರಲ್ಲಿ ಸಹಜವಾಗಿ ನಿರೀಕ್ಷಿಸಬಹುದಾದ ಸಂಖ್ಯೆಗಿಂತ ಪಟ್ಟಿಯ ಪ್ರಕರಣಗಳು ಹೆಚ್ಚಿರಲಿಲ್ಲ, ಕಡಿಮೆಯೇ ಇದ್ದವು. ಡಚ್ಚರ ಸಾರ್ವಜನಿಕ ಆರೋಗ್ಯ ಸಂಸ್ಥೆ 2016ರ ಡಿಸೆಂಬರಿನಲ್ಲಿ ಅಪಾಯ ತೀರಾ ಅಲ್ಪ ಎಂದಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ಆರಂಭಿಸಿ 2024ರಲ್ಲಿ ಮುಗಿಸಿದ ಅಧ್ಯಯನದಲ್ಲೂ ಪುಡಿಯಲ್ಲಿ ರಾಸಾಯನಿಕಗಳು ಇರುವುದು ನಿಜ, ಆಡುವವರ ದೇಹಕ್ಕೆ ಅವು ಸೇರುವ ಪ್ರಮಾಣ ಸೀಮಿತ ಎಂದು ಕಂಡಿತು. ಪೋಷಕರ ಭಯವನ್ನು ನಾನು ಹಗುರ ಮಾಡುವುದಿಲ್ಲ. ಮಗುವಿನ ಕಾಲುಚೀಲ ಕೊಡವಿದಾಗ ಕರಿಪುಡಿ ಉದುರಿದರೆ ಯಾರಿಗೂ ಕರುಳು ಚುರ್ ಎನ್ನುತ್ತದೆ. ಆದರೂ ಕ್ಯಾನ್ಸರಿನ ಆರೋಪಕ್ಕೆ ಈವರೆಗೆ ಪುರಾವೆ ಸಿಕ್ಕಿಲ್ಲ. ಸಿಗದ ಪುರಾವೆಯ ಮೇಲೆ ವಾದ ಕಟ್ಟಿದರೆ ಸಿಕ್ಕ ಪುರಾವೆಗೂ ಬೆಲೆ ಇಲ್ಲದಂತಾಗುತ್ತದೆ.

ಸಿಕ್ಕ ಪುರಾವೆ ಮೈದಾನದ ಬೇಲಿಯ ಆಚೆ ಇದೆ. ಅಮೆರಿಕದ ವಾಯವ್ಯ ಕರಾವಳಿಯ ತೊರೆಗಳಲ್ಲಿ ಮೊಟ್ಟೆಯಿಡಲು ಬರುವ ಕೊಹೊ ಸಾಲ್ಮನ್ ಮೀನುಗಳು ಜೋರು ಮಳೆ ಬಿದ್ದ ಮೇಲೆ ರಾಶಿರಾಶಿಯಾಗಿ ಸಾಯುತ್ತಿದ್ದವು. ವರ್ಷಗಟ್ಟಲೆ ಹುಡುಕಿದ ಮೇಲೆ, 2020ರ ಡಿಸೆಂಬರಿನಲ್ಲಿ ವಿಜ್ಞಾನಿಗಳು ಕೊಲೆಗಾರನನ್ನು ಹೆಸರಿಸಿದರು: 6ಪಿಪಿಡಿ-ಕ್ವಿನೋನ್. ಟೈರು ಬೇಗ ಬಿರಿಯದಂತೆ ಬೆರೆಸುವ 6ಪಿಪಿಡಿ ಗಾಳಿಯ ಓಜೋನ್ ಜೊತೆ ಕೂಡಿದಾಗ ಹುಟ್ಟುವ ವಿಷ ಅದು. ರಸ್ತೆಯಲ್ಲಿ ಸವೆದ ಟೈರೇ ಅದರ ಮುಖ್ಯ ಮೂಲ, ಆದರೆ ಮೈದಾನದ ಪುಡಿಯೂ ಅದೇ ಟೈರಿನದು. ಶೂ, ಬಟ್ಟೆ, ಮಳೆನೀರಿನ ಮೂಲಕ ಪುಡಿ ಮೈದಾನ ಬಿಟ್ಟು ಹೋಗುತ್ತಲೇ ಇರುತ್ತದೆ. ಯೂರೋಪಿನಲ್ಲಿ ಹೀಗೆ ವರ್ಷಕ್ಕೆ ಸುಮಾರು 16 ಸಾವಿರ ಟನ್ ಸೂಕ್ಷ್ಮ ಪ್ಲಾಸ್ಟಿಕ್ ಪರಿಸರಕ್ಕೆ ಸೇರುತ್ತದೆಂದು ಅಲ್ಲಿನ ರಾಸಾಯನಿಕ ಸಂಸ್ಥೆ ಅಂದಾಜು ಮಾಡಿದೆ. ಅದನ್ನು ಆಧರಿಸಿ 2023ರ ಸೆಪ್ಟೆಂಬರಿನಲ್ಲಿ ಯೂರೋಪ್ ಒಕ್ಕೂಟ ಕಾಯಿದೆ ಮಾಡಿತು. 2031ರ ಅಕ್ಟೋಬರ್‌ನಿಂದ ಆಟದ ಮೈದಾನಕ್ಕೆ ಪ್ಲಾಸ್ಟಿಕ್ ಅಥವಾ ರಬ್ಬರ್ ಪುಡಿ ಮಾರುವಂತಿಲ್ಲ. ಬದಲಿಗೆ ಬೆಂಡು, ತೆಂಗಿನ ನಾರು ತುಂಬಬಹುದು. ತೆಂಗಿನ ನಾರು ನೀರು ಹಿಡಿದಿಟ್ಟು ಹಾಸನ್ನು ಒಂದಿಷ್ಟು ತಂಪಾಗಿಯೂ ಇಡುತ್ತದೆ. ತಿಪಟೂರಿನಂಥ ತೆಂಗಿನ ಸೀಮೆಯಿರುವ ರಾಜ್ಯ ಟೈರಿನ ಪುಡಿಗೆ ಕೈಚಾಚುವ ಅಗತ್ಯವೇ ಇಲ್ಲ.

ಹಾಕಿಯ ಮಾತು ಬೇರೆ. 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದ ಭಾರತ ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋಯಿತು. ಒಲಿಂಪಿಕ್ ಹಾಕಿ ಕೃತಕ ಹಾಸಿನ ಮೇಲೆ ನಡೆದದ್ದು ಅದೇ ಮೊದಲು. ಎರಡೂ ತಂಡಗಳಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಭಾರತ ಏಳನೇ ಸ್ಥಾನಕ್ಕೆ ಇಳಿಯಿತು, ಚಿನ್ನ ನ್ಯೂಜಿಲೆಂಡಿಗೆ ಹೋಯಿತು. ಸೋಲಿಗೆ ಹಾಸೊಂದೇ ಕಾರಣವಲ್ಲ, ಆದರೆ ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಒಯ್ಯುವ ನಮ್ಮ ಕೈಚಳಕ ಹುಲ್ಲಿನಲ್ಲಿ ಬೆಳೆದದ್ದು, ಹೊಸ ನೆಲ ಕೇಳಿದ್ದು ವೇಗ ಮತ್ತು ದಮ್ಮು. ಶ್ರೀಮಂತ ದೇಶಗಳ ಮಕ್ಕಳು ಆ ನೆಲದಲ್ಲೇ ಬೆಳೆದರು, ನಮ್ಮ ಮಕ್ಕಳು ರಾಷ್ಟ್ರೀಯ ಶಿಬಿರಕ್ಕೆ ಬಂದ ಮೇಲೆ ಅದನ್ನು ಮುಟ್ಟಿ ನೋಡಿದರು. 1980ರ ಚಿನ್ನದ ನಂತರ ಮುಂದಿನ ಒಲಿಂಪಿಕ್ ಪದಕಕ್ಕೆ 41 ವರ್ಷ ಕಾಯಬೇಕಾಯಿತು. ಪಂದಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದ ಜೀವ ಇಂದಿಗೂ ಮಣ್ಣು-ಹುಲ್ಲಿನ ಮೈದಾನದಲ್ಲೇ ಇದೆ. ಆದರೂ ಅಲ್ಲಿ ಆಡುವ ಹುಡುಗಿಗೆ ಭಾರತದ ಅಂಗಿ ತೊಡುವ ಕನಸಿದ್ದರೆ ಅವಳಿಗೆ ಕೃತಕ ಹಾಸು ಬೇಕೇ ಬೇಕು. ಅವಳಿಗೆ ಅದನ್ನು ನಿರಾಕರಿಸುವುದು ಪರಿಸರ ಪ್ರೇಮವಾಗುವುದಿಲ್ಲ.

ಫುಟ್‌ಬಾಲ್‌ನಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. 2015ರ ಮಹಿಳಾ ವಿಶ್ವಕಪ್ಪನ್ನು ಕೆನಡಾದಲ್ಲಿ ಪೂರ್ತಿ ಕೃತಕ ಹಾಸಿನ ಮೇಲೆ ಆಡಿಸಲು ಹೊರಟಾಗ, ಪುರುಷರಿಗೆ ಎಂದೂ ಹೀಗೆ ಮಾಡಿಲ್ಲವಲ್ಲ ಎಂದು ಏಬಿ ವಾಂಬಾಕ್ ಮೊದಲಾದ ಆಟಗಾರ್ತಿಯರು ಒಂಟಾರಿಯೊ ಮಾನವ ಹಕ್ಕುಗಳ ನ್ಯಾಯಮಂಡಳಿಯ ಮೆಟ್ಟಿಲೇರಿದರು. ಪಂದ್ಯಾವಳಿ ನಡೆದದ್ದು ಪ್ಲಾಸ್ಟಿಕ್ ಮೇಲೆಯೇ. ಪುರುಷರ 2026ರ ವಿಶ್ವಕಪ್‌ಗೆ ಮಾತ್ರ, ಕೃತಕ ಹಾಸಿರುವ ಅಮೆರಿಕದ ಕ್ರೀಡಾಂಗಣಗಳಲ್ಲೂ ನಿಜವಾದ ಹುಲ್ಲನ್ನೇ ಹಾಸಬೇಕೆಂದು ಫಿಫಾ ಕಡ್ಡಾಯ ಮಾಡಿತು. ಮುಚ್ಚಿದ ಸೂರಿನ ಕೆಳಗೂ ಹುಲ್ಲನ್ನು ಬದುಕಿಸುವ ಬಗೆಯನ್ನು ಟೆನೆಸ್ಸಿ ಮತ್ತು ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯಗಳ ಸಸ್ಯವಿಜ್ಞಾನಿಗಳು ವರ್ಷಗಳ ಕಾಲ ಅಭ್ಯಾಸ ಮಾಡಿದರು. 1965ರಲ್ಲಿ ಹ್ಯೂಸ್ಟನ್ನಿನಲ್ಲಿ ಸೋತ ವಿಜ್ಞಾನ ಈಗ ಗೆಲ್ಲುವಷ್ಟು ಬೆಳೆದಿದೆ. ಕೋಟ್ಯಂತರ ಬೆಲೆಯ ಮೊಣಕಾಲುಗಳಿಗೆ ಹುಲ್ಲೇ ಬೇಕು ಎಂದು ಬಲ್ಲವರು ತೀರ್ಮಾನಿಸಿದ ಮೇಲೆ, ಇನ್ನೂ ಬೆಳೆಯುತ್ತಿರುವ ಮೊಣಕಾಲುಗಳಿಗೆ ಪ್ಲಾಸ್ಟಿಕ್ ಸಾಕು ಎನ್ನುವುದು ನನಗೆ ಅರ್ಥವಾಗುವುದಿಲ್ಲ.

ಬೆಂಗಳೂರಿನಲ್ಲಿ ಈಗ ‘ಟರ್ಫ್’ ಎಂದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಸುತ್ತ ಬಲೆ ಕಟ್ಟಿದ, ದೀಪ ಹೊತ್ತಿಸಿದ ಹಸಿರು ಪೆಟ್ಟಿಗೆ. ಖಾಲಿ ಸೈಟಿನಲ್ಲಿ, ಮಾಲ್‌ಗಳ ತಾರಸಿಯಲ್ಲಿ ಅವು ಎದ್ದಿವೆ. ಆ ಇಂಗ್ಲಿಷ್ ಪದದ ಮೂಲ ಅರ್ಥ ಬೇರುಮಣ್ಣು ಸಮೇತ ಎತ್ತಿದ ಹುಲ್ಲಿನ ಹೆಂಟೆ. ಭಾಷಾಶಾಸ್ತ್ರಜ್ಞರು ಅದನ್ನು ಸಂಸ್ಕೃತದ ದರ್ಭದ ಜೊತೆ ಒಂದೇ ಬೇರಿಗೆ ಸೇರಿಸುತ್ತಾರೆ. ಪಟ್ಟಣದ ಮಗುವಿಗೆ ದರ್ಭೆಯ ನಂಟಿನ ಆ ಪದ ಪ್ಲಾಸ್ಟಿಕ್ಕಿನ ಹೆಸರಾಗಿ ಉಳಿದಿದೆ. ಬೀದಿಯಲ್ಲಿ ಕಾರು ನಿಂತು, ಬಯಲು ಬಡಾವಣೆಯಾದ ಮೇಲೆ ಆ ಪೆಟ್ಟಿಗೆಯೊಳಗೆ ರಾತ್ರಿ ಒಂಬತ್ತಕ್ಕೆ ಓಡಾಡುವ ಹುಡುಗರನ್ನು ಕಂಡಾಗ ನನಗೆ ಸಂತೋಷವೇ ಆಗುತ್ತದೆ. ಮೋಸೆಸ್ ಬ್ರೌನ್ ಶಾಲೆಗೆ ಹಾಸು ಕೊಟ್ಟವರ ಉದ್ದೇಶ ಅಲ್ಲಿ ನೆರವೇರುತ್ತಿದೆ. ಬಾಡಿಗೆ ಕೊಡಲಾಗದ ಹುಡುಗ ಬಲೆಯ ಆಚೆ ನಿಂತು ನೋಡುವುದು ಮಾತ್ರ ಆ ಉದ್ದೇಶದಲ್ಲಿ ಇರಲಿಲ್ಲ.

ನನ್ನ ತಕರಾರು ಇರುವುದು, ಮಣ್ಣಿನ ವಿಶಾಲ ಅಂಗಳವಿರುವ ಶಾಲೆಗಳು ಅದನ್ನು ಮುಚ್ಚುವುದರ ಬಗ್ಗೆ. ನೀರಿಲ್ಲ ಎಂಬುದು ಅವರು ಕೊಡುವ ಕಾರಣ, ಅದು ಸುಳ್ಳಲ್ಲ. ನಾನೇ ಮೇಲೆ ಹಾಕಿದ ಲೆಕ್ಕದ 35,700 ಲೀಟರ್ ಎಂದರೆ 12 ಸಾವಿರ ಲೀಟರಿನ ಮೂರು ಟ್ಯಾಂಕರ್. 2024ರ ಬೇಸಿಗೆಯ ಬೆಂಗಳೂರನ್ನು ಕಂಡವರು ದಿನಕ್ಕೆ ಮೂರು ಟ್ಯಾಂಕರ್ ಕುಡಿಯುವ ನೀರನ್ನು ಹುಲ್ಲಿಗೆ ಸುರಿಯಿರಿ ಎನ್ನಲಾರರು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ಹಸಿರಿಗೆ ಸಂಸ್ಕರಿಸಿದ ಕೊಳಚೆ ನೀರು ಹೋಗುತ್ತದೆ, ಆ ಬೇಸಿಗೆಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣವೂ ಅದನ್ನೇ ಬಳಸಿತು. ಶಾಲೆಗಳಿಗೂ ಅದು ತಲುಪಬೇಕು. ತಲುಪದ ಕಡೆ ಇನ್ನೊಂದು ದಾರಿ ಗರಿಕೆಯ ಸ್ವಭಾವದಲ್ಲೇ ಇದೆ. ನೀರು ಸಿಗದಿದ್ದರೆ ಅದು ಸಾಯುವುದಿಲ್ಲ, ಕಂದಾಗಿ ಮಲಗುತ್ತದೆ, ಮಳೆ ಬಿದ್ದ ವಾರದಲ್ಲಿ ಏಳುತ್ತದೆ. ಬೇಸಿಗೆಯ ಎರಡು ತಿಂಗಳು ಶಾಲೆಗೆ ರಜೆ, ಹುಲ್ಲಿಗೂ ರಜೆ. ವರ್ಷವಿಡೀ ವಿದೇಶಿ ಗಾಲ್ಫ್ ಅಂಗಳದಂತೆ ಹೊಳೆಯಬೇಕೆಂಬ ಹಟ ಬಿಟ್ಟರೆ ನೀರಿನ ಲೆಕ್ಕ ಬಹಳಷ್ಟು ಇಳಿಯುತ್ತದೆ. ಹತ್ತು ವರ್ಷಕ್ಕೊಮ್ಮೆ ಸವೆದ ಹಾಸನ್ನೂ ನೂರು ಟನ್ ಮೀರಿದ ಪುಡಿಯನ್ನೂ ಎಲ್ಲಿ ಸುರಿಯುವುದು ಎಂಬ ಚಿಂತೆ ಗರಿಕೆಗೆ ಇಲ್ಲವೇ ಇಲ್ಲ.

ಆದ್ದರಿಂದ ನನ್ನ ತೀರ್ಪು ಇದು. ಹಾಕಿಗೆ, ಮಣ್ಣೇ ಇಲ್ಲದ ತಾರಸಿಗೆ, ಸಂಜೆಯ ಆಟಕ್ಕೆ ಕೃತಕ ಹಾಸು ಇರಲಿ, ಆದರೆ ಟೈರಿನ ಪುಡಿ ಬೇಡ. ಶಾಲೆಯ ಅಂಗಳಕ್ಕೆ ಹುಲ್ಲು, ಹುಲ್ಲು ಆಗದಿದ್ದರೆ ಮಣ್ಣು. ಮಗುವನ್ನು ಬೇಸಿಗೆ ಶಿಬಿರಕ್ಕೆ ಸೇರಿಸುವ ಮೊದಲು ಒಂದು ಮಧ್ಯಾಹ್ನ ಹೋಗಿ ಆ ಹಾಸಿನ ಮೇಲೆ ಅಂಗೈ ಇಟ್ಟು ಹತ್ತು ಎಣಿಸಿ. ಎಣಿಸಿ ಮುಗಿಸಲು ಆಗದಿದ್ದರೆ ಶಿಬಿರದ ವೇಳೆ ಬದಲಿಸಲು ಕೇಳಿ. ಶಾಲೆಯ ಆಡಳಿತ ನಿಮ್ಮ ಕೈಯಲ್ಲಿದ್ದರೆ ಅಂಗಳದ ಅರ್ಧಕ್ಕೆ ಈ ವರ್ಷ ಬೇಲಿ ಕಟ್ಟಿ, ಇನ್ನರ್ಧದಲ್ಲಿ ಮಕ್ಕಳು ಆಡಲಿ, ಮುಂದಿನ ವರ್ಷ ಅದಲುಬದಲು ಮಾಡಿ. ಬೀಜ ಕೊಳ್ಳಬೇಕಾಗಿಲ್ಲ. ಪಕ್ಕದ ಹೊಲದ ರೈತ ಕಿತ್ತು ಬದುವಿಗೆ ಎಸೆದ ಗರಿಕೆಯ ಗೆಣ್ಣುಗಳನ್ನು ತಂದು, ಜೂನ್ ಮೊದಲ ಮಳೆಗೆ ಗೇಣಿಗೊಂದರಂತೆ ಊರಿದರೆ ದಸರಾ ರಜೆಯ ಹೊತ್ತಿಗೆ ನೆಲ ಮುಚ್ಚಿರುತ್ತದೆ.